ಮಗ ಮೊಸರನ್ನ, ಹಾಲು, ಬಿಸ್ಕತ್ತು ಬಿಟ್ಟು ಏನೂ ತಿನ್ನಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದಾಗ ಎರಡು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಮೂರೂವರೆ ವರ್ಷದ ಮಗ, ಸೊಪ್ಪು ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ, ಮೊಬೈಲ್ ಕೊಟ್ಟರೆ ಮಾತ್ರ ನಾಲ್ಕು ತುತ್ತು, ಮೇಲೆ ನಿಮ್ಮ ಅತ್ತೆ "ಮಗು ಸೊರಗಿದೆ" ಅಂತ ದಿನಾ ಹೇಳ್ತಾರೆ ಅಂತ ಬರೆದಿದ್ದೀರಿ. ನೀವು ಚಿತ್ರದುರ್ಗ, ನಾವು ದಾವಣಗೆರೆ. ಅಡುಗೆಮನೆ ಹೆಚ್ಚುಕಡಿಮೆ ಒಂದೇ ಅಲ್ವಾ, ಹಾಗಾಗಿ ನಮಗೆ ಆದದ್ದು ನಿಮಗೂ ಉಪಯೋಗಕ್ಕೆ ಬರಬಹುದು. ನಾನು ಡಾಕ್ಟರ್ ಅಲ್ಲ, ಒಂದು ಹೆಣ್ಣುಮಗುವಿನ ಅಪ್ಪ. ನನ್ನ ಹೆಂಡತಿ ಹರಿಹರದಲ್ಲಿ ಟೀಚರ್, ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯಬೇಕು. ನಾನು ಅಂಗಡಿ ಬಾಗಿಲು ತೆಗೆಯುವುದು ಹತ್ತಕ್ಕೆ. ಮಗಳಿಗೆ ತಿಂಡಿ ತಿನ್ನಿಸುವ ಕೆಲಸ ನನ್ನದೇ ಆಗಿತ್ತು.

ಮೊದಲು ಮಗುವಿನ ತೂಕ ಹಾಕಿಸಿ. ಅಂಗನವಾಡಿಯಲ್ಲೇ ಹಾಕ್ತಾರೆ, ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇರುತ್ತೆ. ಒಂದು ದಿನದ ತೂಕ ನೋಡಿದರೆ ಏನೂ ಗೊತ್ತಾಗಲ್ಲ, ಆ ಗೆರೆ ಹೇಗೆ ಏರಿಕೊಂಡು ಬಂದಿದೆ ಅನ್ನೋದನ್ನು ನೋಡಬೇಕು. ನಮ್ಮ ಮಗಳು ಮೂರು ವರ್ಷಕ್ಕೆ 12 ಕೆಜಿ ಇದ್ದಳು, ನಮ್ಮಮ್ಮನಿಗೆ ಅದು ತುಂಬಾ ಕಡಿಮೆ ಅನ್ನಿಸಿತ್ತು. ಡಾಕ್ಟರ್ ಗೆರೆ ತೋರಿಸಿ, ಒಂದು ವರ್ಷಕ್ಕೆ 8, ಎರಡಕ್ಕೆ 10, ಮೂರಕ್ಕೆ 12, ತನ್ನ ದಾರಿಯಲ್ಲೇ ಬೆಳೀತಿದ್ದಾಳೆ ಅಂದರು. ಹುಟ್ಟಿದಾಗಿನ ತೂಕ ಒಂದೇ ವರ್ಷದಲ್ಲಿ ಮೂರು ಪಟ್ಟು ಆಗುತ್ತೆ, ಆಮೇಲೆ ವರ್ಷಕ್ಕೆ ಸುಮಾರು ಎರಡು ಕೆಜಿ ಏರಿದರೆ ಸರಿಯಾಗೇ ಇದೆ ಅಂತ ಲೆಕ್ಕ. ಬೆಳೆಯೋ ವೇಗ ಇಳಿದಾಗ ಹಸಿವೂ ಇಳಿಯುತ್ತೆ. ಆದರೆ ತೂಕ ಇಳಿದಿದ್ದರೆ, ನುಂಗುವಾಗ ಕೆಮ್ಮು ಬರ್ತಿದ್ದರೆ, ಮಣ್ಣು, ಬಳಪ ತಿಂತಿದ್ದರೆ, ಮುಖ ಬಿಳುಚಿಕೊಂಡಿದ್ದರೆ ನನ್ನ ಉತ್ತರ ಬದಿಗಿಟ್ಟು ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಡಾಕ್ಟರ್ ನನಗೆ ಇನ್ನೊಂದು ಕೆಲಸ ಹೇಳಿದರು. ಒಂದು ದಿನ ಪೂರ್ತಿ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂತ. ಅಂಗಡಿಯ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆದೆ. ಏಳಕ್ಕೆ ಬಾಟಲಿ ಹಾಲು 200 ಎಂ.ಎಲ್. ಎಂಟೂವರೆಗೆ ಇಡ್ಲಿ ಕಾಲು ಭಾಗ. ಒಂಬತ್ತಕ್ಕೆ, ಪಾಪ ಇಡ್ಲಿ ತಿನ್ನಲಿಲ್ಲವಲ್ಲ ಅಂತ ನಾಲ್ಕು ಬಿಸ್ಕತ್ತು. ಹನ್ನೊಂದಕ್ಕೆ ಪುಡಿ ಹಾಕಿದ ಹಾಲು, ಮತ್ತೆ 200. ಒಂದಕ್ಕೆ ಮೊಸರನ್ನ ಮೂರು ತುತ್ತು. ನಾಲ್ಕಕ್ಕೆ ಹಾಲು. ಐದಕ್ಕೆ ಅಜ್ಜ ತಂದ ಮಂಡಕ್ಕಿ. ಆರಕ್ಕೆ ಅರ್ಧ ಪಾಕೀಟು ಚಿಪ್ಸ್. ರಾತ್ರಿ ಅನ್ನ ಬೇಡ ಅಂತ ಅಳು, ಮಲಗುವಾಗ ಬಾಟಲಿ. ಕೂಡಿಸಿದರೆ ಹಾಲೇ 800 ಎಂ.ಎಲ್! ಏನೂ ತಿನ್ನಲ್ಲ ಅಂತ ನಾವು ಕೊರಗುತ್ತಿದ್ದ ಮಗುವಿಗೆ ಬೆಳಗಿಂದ ರಾತ್ರಿವರೆಗೆ ಒಂದು ಸಲವೂ ಹೊಟ್ಟೆ ಹಸಿಯಲು ನಾವೇ ಬಿಟ್ಟಿರಲಿಲ್ಲ. ನೀವೂ ಇದನ್ನು ಒಂದು ದಿನ ಮಾಡಿ, ದಯವಿಟ್ಟು. ಬೇರೆ ಏನು ಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ.

ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸಿ, ಕಬ್ಬಿಣ ಇರೋ ಊಟಕ್ಕೆ ಜಾಗವೇ ಇಲ್ಲದ ಹಾಗೆ ಮಾಡುತ್ತೆ. ನಮ್ಮ ಮಗಳ ಹಿಮೋಗ್ಲೋಬಿನ್ 10.2 ಇತ್ತು. ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಾರೆ. ರಕ್ತ ಕಡಿಮೆಯಾದರೆ ಹಸಿವೂ ಮಂಕಾಗುತ್ತೆ, ಹಸಿವಿಲ್ಲ ಅಂತ ನಾವು ಮತ್ತೆ ಹಾಲು ಕೊಡ್ತೀವಿ, ಹೀಗೇ ಸುತ್ತುತ್ತಾ ಇರುತ್ತೆ. ಡಾಕ್ಟರ್ ಕಬ್ಬಿಣದ ಸಿರಪ್ ಬರೆದುಕೊಟ್ಟರು, ಹಾಲಿನ ಜೊತೆ ಕೊಡಬೇಡಿ ಅಂದರು. ಹಾಲು ದಿನಕ್ಕೆ 400 ಎಂ.ಎಲ್ ಸಾಕು, ಅದೂ ಲೋಟದಲ್ಲಿ, ಊಟ ಆದಮೇಲೆ. ಬಾಟಲಿ ನಿಲ್ಲಿಸಿದಾಗ ಮೂರು ರಾತ್ರಿ ಅತ್ತಳು. ಎರಡನೇ ರಾತ್ರಿ ನನ್ನ ಹೆಂಡತಿಯೂ ಅತ್ತಳು, ನಾನು ಎದ್ದು ಬಾಟಲಿ ತೊಳೆಯಲು ಹೋಗಿ ವಾಪಸ್ ಬಂದೆ. ನಾಲ್ಕನೇ ಬೆಳಿಗ್ಗೆ ಎದ್ದವಳೇ "ಅಪ್ಪ, ಹೊಟ್ಟೆ ಹಸೀತಿದೆ" ಅಂದಳು. ಮೂರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಹಾಲಿಗೆ ಹಾಕುತ್ತಿದ್ದ ಆ ಡಬ್ಬಿ ಪುಡಿಯನ್ನೂ ಬಿಟ್ಟೆವು. ಹಿಂದಿನ ಚೀಟಿ ಓದಿದರೆ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುತ್ತೆ. 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ, ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ ಹೇಳಿತ್ತು. ಆ ದುಡ್ಡಿಗೆ ಹಣ್ಣು ಬರುತ್ತೆ.

ಈಗ ತಟ್ಟೆಯ ವಿಷಯ. ಇದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೀತೀನಿ. ಒಂದು ದಿನ ಅಂಗಡಿಗೆ ತಡ ಆಯಿತು ಅಂತ ಸಿಟ್ಟಿನಲ್ಲಿ ಅವಳ ಕೆನ್ನೆ ಒತ್ತಿ ಹಿಡಿದು ಪಲ್ಯ ಬಾಯಿಗೆ ಹಾಕಿಬಿಟ್ಟೆ. ಪೂರ್ತಿ ವಾಂತಿ ಮಾಡಿಕೊಂಡಳು. ಮಾರನೇ ದಿನ ನಾನು ತಟ್ಟೆ ಹಿಡಿದು ಬಂದ ತಕ್ಷಣ ಬಾಗಿಲ ಹಿಂದೆ ಹೋಗಿ ನಿಂತಳು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತೆ. ಬಲವಂತ ಮಾಡಿದರೆ ಮಗು ಆ ಪಲ್ಯಕ್ಕೆ ಮಾತ್ರ ಅಲ್ಲ, ತಟ್ಟೆಗೂ ಹೆದರುತ್ತೆ, ತಿನ್ನಿಸುವ ಕೈಗೂ ಹೆದರುತ್ತೆ.

ಎಲಿನ್ ಸ್ಯಾಟರ್ ಅಂತ ಅಮೆರಿಕದ ಒಬ್ಬ ಆಹಾರ ತಜ್ಞೆ ಹೇಳಿದ ಕ್ರಮ ಇದೆ, ನಮ್ಮ ಡಾಕ್ಟರ್ ಅದನ್ನೇ ಹೇಳಿದರು. ಏನು ಕೊಡಬೇಕು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೆಲಸ. ತಿನ್ನಬೇಕಾ ಬೇಡವಾ, ಎಷ್ಟು ಅನ್ನೋದು ಮಗುವಿನದು. ಕೇಳೋಕೆ ಸುಲಭ, ಮಾಡೋಕೆ ಎದೆ ಗಟ್ಟಿ ಬೇಕು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಏನಾದರೂ, ರಾತ್ರಿ ಊಟ, ನಡುವೆ ಎರಡೂವರೆ ಮೂರು ಗಂಟೆ ನೀರು ಬಿಟ್ಟು ಏನೂ ಇಲ್ಲ. ಬೇಕಾದರೆ ಹನ್ನೊಂದಕ್ಕೆ ಒಂದು ಹಣ್ಣು. ಎಲ್ಲರ ಜೊತೆ ನೆಲದ ಮೇಲೆ ಕೂರಿಸಿ, ಎಲ್ಲರಿಗೂ ಬಡಿಸಿದ್ದನ್ನೇ ಅವನಿಗೂ ಚೂರು ಚೂರು ಬಡಿಸಿ, ಅವನಿಗೆ ಇಷ್ಟವಾದ ಮೊಸರನ್ನವೂ ತಟ್ಟೆಯಲ್ಲಿರಲಿ. ಮುದ್ದೆ ನಿಂಬೆಹಣ್ಣಿನಷ್ಟು, ಪಲ್ಯ ಎರಡು ಮೂರು ಚಮಚ, ಅಷ್ಟೇ. ರಾಶಿ ಹಾಕಿದರೆ ನೋಡಿಯೇ ಗಾಬರಿ ಬೀಳ್ತಾನೆ. ಇಪ್ಪತ್ತು ನಿಮಿಷ ಆದಮೇಲೆ ತಟ್ಟೆ ಎತ್ತಿ. ಬೈಬೇಡಿ, ಪುಸಲಾಯಿಸಬೇಡಿ, "ಪೊಲೀಸ್ ಬರ್ತಾರೆ" ಅನ್ನಬೇಡಿ, ಪಕ್ಕದ ಮನೆ ಹುಡುಗನಿಗೆ ಹೋಲಿಸಬೇಡಿ. "ಪಲ್ಯ ತಿಂದರೆ ಚಾಕೊಲೇಟ್" ಅಂದರೆ ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಅಂತ ನಾವೇ ಕಲಿಸಿದ ಹಾಗೆ. ಮೊಬೈಲ್ ಇದ್ದಾಗ ಬಾಯಿ ತೆರೆಯುತ್ತೆ ನಿಜ, ಆದರೆ ಏನು ತಿಂದೆ, ಹೊಟ್ಟೆ ತುಂಬಿತಾ ಅನ್ನೋದೇ ಮಗುವಿಗೆ ತಿಳಿಯಲ್ಲ. ನಾವು ಒಂದೇ ದಿನಕ್ಕೆ ನಿಲ್ಲಿಸಿದೆವು, ನಮ್ಮ ಫೋನುಗಳನ್ನೂ ಅಲಮಾರಿಯಲ್ಲಿಟ್ಟು.

ಸೊಪ್ಪಿಗೆ ಬರೋಣ. ಎರಡರಿಂದ ಆರು ವರ್ಷದವರೆಗೆ ಹೊಸ ತಿನಿಸು ಕಂಡರೆ ಹಿಂಜರಿಯೋದು ಹೆಚ್ಚಿನ ಮಕ್ಕಳಲ್ಲಿ ಇದ್ದದ್ದೇ, ಹಟ ಅಲ್ಲ. ಒಂದು ಪದಾರ್ಥ ಹತ್ತು ಹದಿನೈದು ಸಲ ಕಣ್ಣಿಗೆ ಬಿದ್ದ ಮೇಲೆ ಬಾಯಿಗೆ ಹೋಗಬಹುದು. ನಾವು ಮೂರನೇ ಸಲಕ್ಕೇ "ಇವಳಿಗೆ ಮೆಂತ್ಯ ಆಗಲ್ಲ" ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ಬಚ್ಚಿಟ್ಟು ಕೊಡೋಣ ಅಂತ ದೋಸೆ ಹಿಟ್ಟಿನಲ್ಲಿ ಕ್ಯಾರೆಟ್ ತುರಿದು ಹಾಕಿದೆವು. ಒಂದು ಎಳೆ ಕಂಡಳು ನೋಡಿ, ಎರಡು ವಾರ ದೋಸೆಯನ್ನೇ ಮುಟ್ಟಲಿಲ್ಲ. ಅವತ್ತಿಂದ ಏನು ಹಾಕಿದರೂ ಅವಳ ಎದುರಿಗೇ ಹಾಕೋದು.

ನಿಜವಾಗಿ ದಾರಿ ತೋರಿಸಿದ್ದು ನಮ್ಮಮ್ಮ. ಸಂಜೆ ಅವರು ಪಡಸಾಲೆಯಲ್ಲಿ ಕಾಲು ಚಾಚಿ, ಮೊರದಲ್ಲಿ ಸೊಪ್ಪು ಸೋಸುತ್ತಾರೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನುಗ್ಗೆ ಎಲೆಯ ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಸರ್ರಂತ ಎಳೆದರೆ ಎಲೆ ಪೂರ್ತಿ ಉದುರುತ್ತಲ್ಲ, ಅದು ಅವಳಿಗೆ ಆಟವಾಯಿತು. ಬೆರಳೆಲ್ಲ ಹಸಿರು, ಮೂಸಿ ನೋಡೋದು, ಒಂದೆರಡು ಎಲೆ ಅಜ್ಜಿ ಬಾಯಿಗೆ ತುರುಕೋದು. ಆ ಎಲೆಯನ್ನೇ ಸಣ್ಣಗೆ ಹೆಚ್ಚಿ ಪಡ್ಡಿನ ಹಿಟ್ಟಿಗೆ ಹಾಕಿ, ಪಡ್ಡಿನ ಹಂಚು ಒಲೆಗಿಡುವ ಮೊದಲು ಒಂದೊಂದು ಕುಳಿಗೂ ಎಣ್ಣೆ ಸವರೋದು ಅವಳ ಕೆಲಸ ಅಂತ ಮಾಡಿದರು. ಮೊದಲ ದಿನ ಮುಟ್ಟಿ ನೋಡಿದಳು. ಎರಡನೇ ಸಲ ನೆಕ್ಕಿ ಉಗಿದಳು. ನಾನು ಬಿಲ್ ಬುಕ್ಕಿನಲ್ಲಿ ಗೀಟು ಹಾಕಿಕೊಂಡು ಬಂದೆ. ಒಂಬತ್ತನೇ ಗೀಟಿನ ದಿನ, ಯಾರೂ ನೋಡದಿದ್ದಾಗ, ಒಂದು ಪಡ್ಡು ಪೂರ್ತಿ ತಿಂದು "ಇದು ನಾನು ಮಾಡಿದ್ದು" ಅಂದಳು. ನಾನು ಏನೂ ಹೇಳದೆ ಇನ್ನೊಂದು ಬಡಿಸಿದೆ.

ನಮ್ಮ ಕಡೆಯ ಊಟದಲ್ಲೇ ಬೇಕಾದ್ದೆಲ್ಲ ಇದೆ. ರಾಗಿ 100 ಗ್ರಾಂನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಹಾಲು ಕಡಿಮೆ ಮಾಡಿದರೆ ಮೂಳೆಗೆ ಏನು ಗತಿ ಅಂತ ಕೇಳುವವರಿಗೆ ಇದನ್ನು ಹೇಳಿ. ಹೆಸರುಕಾಳಿನ ಪಲ್ಯಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಊಟದ ಜೊತೆ ಟೀ ಕುಡಿಸಿದರೆ ಅದಕ್ಕೆ ಅಡ್ಡ ಬರುತ್ತೆ, ಮಕ್ಕಳಿಗೆ ಟೀ ಬೇಡವೇ ಬೇಡ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ನಿಮ್ಮಲ್ಲಿ ತಿನ್ನೋದಾದರೆ ದಿನಕ್ಕೊಂದು ಕೊಡಿ. ಸಂಜೆಯ ಮಂಡಕ್ಕಿ ನಾವು ಬಿಟ್ಟಿಲ್ಲ, ದಾವಣಗೆರೆಯಲ್ಲಿ ಇದ್ದು ಹೇಗೆ ಬಿಡೋದು. ಬರೀ ಮಂಡಕ್ಕಿ ಬದಲು ಪುಟಾಣಿ ಹಿಟ್ಟು, ಹೆಚ್ಚಿದ ಸೌತೆಕಾಯಿ, ಟೊಮ್ಯಾಟೊ ಕಲಸಿ ಕೊಡ್ತೀವಿ. ಶೇಂಗಾ ಮಾತ್ರ ಇಡೀ ಕಾಳು ಕೊಡಬೇಡಿ, ಐದು ವರ್ಷದೊಳಗಿನ ಮಕ್ಕಳಿಗೆ ಉಸಿರುನಾಳಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಚಟ್ನಿಪುಡಿ ಮಾಡಿ ತುಪ್ಪದಲ್ಲಿ ಕಲಸಿ ಕೊಡಿ. ತಿಂಗಳಿಗೊಮ್ಮೆ ಎಲ್ಲರೂ ಹೋಟೆಲಿಗೆ ಹೋಗಿ ಬೆಣ್ಣೆ ದೋಸೆ ತಿಂತೀವಿ, ಯಾವುದಕ್ಕೂ ಬಹುಮಾನ ಅಂತ ಅಲ್ಲ, ಸುಮ್ನೆ. ಆಲೂಗಡ್ಡೆ ಪಲ್ಯವನ್ನು ಅವಳು ಮೊದಲು ತಿಂದದ್ದೇ ಅಲ್ಲಿ, ನನ್ನ ತಟ್ಟೆಯಿಂದ ಕಿತ್ತುಕೊಂಡು.

ಆರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಮರೆಯಬೇಡಿ. ಫೆಬ್ರವರಿ 10, ಆಗಸ್ಟ್ 10ರ ಹೊತ್ತಿಗೆ ಅಂಗನವಾಡಿಯಲ್ಲಿ ಉಚಿತವಾಗಿ ಕೊಡ್ತಾರೆ.

ನಿಮ್ಮ ಅತ್ತೆಯ ಮಾತಿಗೆ ಬೇಜಾರಾಗಬೇಡಿ, ಅವರಿಗೂ ಮೊಮ್ಮಗನ ಚಿಂತೆ. ಅವರ ಜೊತೆ ವಾದ ಮಾಡುವ ಬದಲು ತೂಕ ಹಾಕಿಸೋಕೆ ಅವರನ್ನೂ ಕರೆದುಕೊಂಡು ಹೋಗಿ, ಆ ಗೆರೆ ಅವರ ಕಣ್ಣಿಗೇ ಬೀಳಲಿ. ಸೊಪ್ಪು ಸೋಸುವಾಗ ಮಗನನ್ನು ಅವರ ಪಕ್ಕ ಕೂರಿಸಿ. ಬಿಸ್ಕತ್ತಿನ ಡಬ್ಬಿ ಮನೆಯಲ್ಲಿ ಇದ್ದರೆ ಅಜ್ಜಿಯ ಕೈ ತಡೆಯಲ್ಲ, ಆದ್ದರಿಂದ ತರೋದನ್ನೇ ನಿಲ್ಲಿಸಿ.

ನಮ್ಮ ಮಗಳಿಗೆ ಈಗ ಐದು ವರ್ಷ. ಹಿಮೋಗ್ಲೋಬಿನ್ 11.8 ಇದೆ. ಬದನೆಕಾಯಿ ಇನ್ನೂ ಮುಟ್ಟಲ್ಲ, ಬಡಿಸ್ತೀವಿ, ಅವಳು ತಟ್ಟೆಯ ಅಂಚಿಗೆ ಸರಿಸ್ತಾಳೆ, ನಾವು ಏನೂ ಅನ್ನಲ್ಲ. ನೀವು ನಾಳೆ ಬೆಳಿಗ್ಗೆ ಏಳಕ್ಕೇ ಬರೆಯೋಕೆ ಶುರು ಮಾಡಿ. ದಿನದ ಕೊನೆಗೆ ಹಾಲು ಎಷ್ಟು ಬಂತು ಅಂತ ಇಲ್ಲೇ ಹೇಳಿ, ಮುಂದಿನದು ಅದನ್ನು ನೋಡಿ ಬರೀತೀನಿ.