ಎಂಜಿನ್ ಕೆಳಗೆ, ಟ್ರಿಮ್ ಮುಳ್ಳು ಅರ್ಧದಲ್ಲಿ

ಪ್ರಶ್ನೆ: ಮಲ್ಪೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಬೋಟ್ ಇದೆ, ಹಿಂಬದಿಗೆ ಹೊರಗಿನಿಂದ ಕಟ್ಟಿದ 115 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಎಂಜಿನ್ ಪೂರ್ತಿ ಇಳಿಸಿದರೂ ಅದು ಎಷ್ಟು ವಾಲಿದೆ ಎಂದು ತೋರಿಸುವ ಟ್ರಿಮ್ ಗೇಜ್‌ನ ಮುಳ್ಳು ಅರ್ಧದಲ್ಲೇ ನಿಲ್ಲುತ್ತದೆ. ಎಂಜಿನ್‌ನ ವಾಲಿಕೆಯನ್ನು ಗೇಜ್‌ಗೆ ತಿಳಿಸುವ ಸೆಂಡರ್ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಎಂಜಿನ್ ಏರಿಳಿದಂತೆ ಮುಳ್ಳೂ ಏರಿಳಿಯುತ್ತಿದ್ದರೆ ಸೆಂಡರ್ ಕೆಟ್ಟಿಲ್ಲ, ಕೂತ ಜಾಗದಿಂದ ಸರಿದಿದೆ ಅಷ್ಟೆ.

ಎಂಜಿನ್ ಪೂರ್ತಿ ಮೇಲೆತ್ತಿ ಅದು ಕೆಳಗೆ ಬೀಳದಂತೆ ತಡೆಯುವ ಟಿಲ್ಟ್ ಲಾಕ್ ಹಾಕಿ, ಕೀ ತೆಗೆದಿಡಿ. ಲಾಕ್ ಇಲ್ಲದೆ ಬರೀ ಹೈಡ್ರಾಲಿಕ್ ನಂಬಿ, ಎಂಜಿನನ್ನು ಬೋಟಿಗೆ ಹಿಡಿದಿಡುವ ಬ್ರ್ಯಾಕೆಟ್ ನಡುವೆ ಕೈ ಹಾಕಲೇಬೇಡಿ. ಎಣ್ಣೆ ಸೋರಿ ಎಂಜಿನ್ ಕುಸಿದರೆ ಬೆರಳು ಉಳಿಯುವುದಿಲ್ಲ. ಹೆಚ್ಚಿನ ಎಂಜಿನ್‌ಗಳಲ್ಲಿ ಬ್ರ್ಯಾಕೆಟ್‌ನ ಒಳಮೈಯಲ್ಲಿ, ಸ್ಪ್ರಿಂಗ್ ಇರುವ ಪುಟ್ಟ ತೋಳಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದೇ ಸೆಂಡರ್. ಅದರ ಎರಡು ಸ್ಕ್ರೂಗಳ ತೂತು ಉದ್ದುದ್ದ ಇರುವುದೇ ಹೊಂದಾಣಿಕೆಗೆಂದು.

ಉಪ್ಪು ನೀರಿನಲ್ಲಿ ಓಡುವ ಎಂಜಿನ್‌ನಲ್ಲಿ ಈ ಸ್ಕ್ರೂಗಳು ಅಲ್ಯೂಮಿನಿಯಂಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ತಲೆ ಸವೆದರೆ ಆಮೇಲೆ ಡ್ರಿಲ್ಲೇ ಗತಿ. ಸ್ಕ್ರೂ ಪೂರ್ತಿ ಬಿಚ್ಚದೆ ಸಡಿಲಿಸಿ, ಹಳೆಯ ಜಾಗಕ್ಕೆ ಗೆರೆ ಎಳೆದು, ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಬಿಗಿದು, ಎಂಜಿನ್ ಪೂರ್ತಿ ಇಳಿಸಿ ಗೇಜ್ ನೋಡಿ. ಮುಳ್ಳು ಇನ್ನೂ ಮೇಲೇರಿದರೆ ಎದುರು ದಿಕ್ಕಿಗೆ ತಿರುಗಿಸಿ. ಮೂರ್ನಾಲ್ಕು ಸಲ ಏರಿಸಿ ಇಳಿಸಬೇಕಾಗುತ್ತದೆ, ಬೇಸರಿಸಬೇಡಿ. ಹೊಂದಿಸಬೇಕಾದದ್ದು ಕೆಳತುದಿಗೆ ಮಾತ್ರ. ಟ್ರಿಮ್ ಎಂದರೆ ಮೊದಲ 20 ಡಿಗ್ರಿ ಆಸುಪಾಸು, ಅದರಾಚೆ ಎತ್ತಿದಾಗ ಮುಳ್ಳು ಮೇಲ್ತುದಿಗೆ ಅಂಟಿಕೊಂಡರೆ ಅದು ದೋಷವಲ್ಲ. ಕೊನೆಗೆ ಸ್ಕ್ರೂಗಳಿಗೆ ಮರೈನ್ ಗ್ರೀಸ್ ಸವರಿ ಹದವಾಗಿ ಬಿಗಿಯಿರಿ, ಪ್ಲಾಸ್ಟಿಕ್ ಸೀಳಬಾರದು.

ಡಿಜಿಟಲ್ ಡಿಸ್‌ಪ್ಲೇ ಆಗಿದ್ದರೆ ಮೊದಲು ಮೆನು ನೋಡಿ. ಕೆಲವದರಲ್ಲಿ ಸ್ಕ್ರೂ ಮುಟ್ಟದೆಯೇ ಕೆಳತುದಿಯನ್ನು ಸೊನ್ನೆಗೆ ಹೊಂದಿಸಬಹುದು.

ಮುಂದೆಂದಾದರೂ ಮುಳ್ಳು ಅಲುಗಾಡದೆ ನಿಂತರೆ, ಗೇಜ್ ಹಿಂದೆ ‘ಎಸ್’ (ಸೆಂಡರ್) ಗುರುತಿನ ಟರ್ಮಿನಲ್‌ನ ವೈರ್ ಕಳಚಿ ಕೀ ಆನ್ ಮಾಡಿ. ಮುಳ್ಳು ಒಂದು ತುದಿಗೆ ಹೋಗಬೇಕು, ಆ ಟರ್ಮಿನಲ್ಲನ್ನು ಅರ್ಥ್‌ಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ. ಕರೆಂಟ್ ಬರುವ ‘ಐ’ (ಇಗ್ನಿಷನ್) ಟರ್ಮಿನಲ್ಲನ್ನು ಅರ್ಥ್‌ಗೆ ಮುಟ್ಟಿಸಿದರೆ ಫ್ಯೂಸ್ ಹಾರುತ್ತದೆ, ಎಚ್ಚರ. ಗೇಜ್ ಸರಿಯಿದ್ದರೆ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಅದೂ ಇಲ್ಲದಿದ್ದರೆ ಸೆಂಡರ್ ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿದು ತೋಳನ್ನು ಮೆಲ್ಲಗೆ ಆಡಿಸಿ. ಓಮ್ ಅಂಕಿ ಒಂದೇ ಸಮನೆ ಏರದೆ ನಡುವೆ ಜಿಗಿದರೆ, ಇಲ್ಲವೇ ಮಾಯವಾದರೆ ಒಳಗಿನ ಪಟ್ಟಿ ಸವೆದಿದೆ. ಆಗ ಮಾತ್ರ ಹೊಸ ಸೆಂಡರ್ ತನ್ನಿ, ಎಂಜಿನ್ ಮಾಡೆಲ್ ನಂಬರ್ ಹೇಳಿಯೇ ತನ್ನಿ.