ಡ್ರಾಪ್ ಮನೆಯಲ್ಲೇ ಮಾಡು ತಂಗಿ

ಬದಿಯಡ್ಕದಿಂದ ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದ ಹೊಸತರಲ್ಲಿ ನೀನು ಕೇಳಿದ್ದು ಎರಡು: ಆಫೀಸಿನಲ್ಲಿ ಕೊಟ್ಟ ಆ ಕಪ್ಪು ಮಿಠಾಯಿಯನ್ನು ಇವರು ಹೇಗೆ ತಿನ್ನುತ್ತಾರೆ, ಹುಟ್ಟುಹಬ್ಬಕ್ಕೆ ತಿನಿಸು ನಾವೇ ಒಯ್ಯಬೇಕು ಅನ್ನುವುದು ಹೌದಾ ಅಂತ. ಹೌದು ಮಾರಾಯ್ತಿ, ಇಲ್ಲಿ ಹುಟ್ಟುಹಬ್ಬ ಯಾರದ್ದೋ ಅವರೇ ಹಂಚಬೇಕು. ಬೇರೆಯವರು ಕೇಕ್ ತರುತ್ತಾರೆಂದು ಕಾದು ಕೂರಬೇಡ. ನನ್ನನ್ನು ಕೇಳಿದರೆ ಆ ಮಿಠಾಯಿಯನ್ನೇ ಮನೆಯಲ್ಲಿ ಮಾಡಿ ಒಯ್ಯಿ.

ಆ ಕಪ್ಪು ಮಿಠಾಯಿಗೆ ಇಲ್ಲಿ ಡ್ರಾಪ್ ಅನ್ನುತ್ತಾರೆ, ಅಂದರೆ ಜೇಷ್ಠಮಧುವಿನ ಮಿಠಾಯಿ. ಕೆಮ್ಮು ಬಂದರೆ ಕಷಾಯಕ್ಕೆ ಹಾಕುತ್ತೇವಲ್ಲ, ಅದೇ ಬೇರು. ನಿನ್ನ ಬಾಯಿ ಕೆಡಿಸಿದ್ದು ಬೇರಲ್ಲ, ಉಪ್ಪಿನ ಡ್ರಾಪಿಗೆ ಹಾಕುವ ನವಸಾಗರ. ಊರಿನಲ್ಲಿ ಕಲಾಯಿಯವ ಕಾದ ಹಿತ್ತಾಳೆ ಪಾತ್ರೆಗೆ ಉದುರಿಸಿದಾಗ ಬಿಳಿ ಹೊಗೆ ಏಳುತ್ತದಲ್ಲ, ಅದೇ ಸಾಮಾನು! ಅದನ್ನು ಇಷ್ಟಪಡಲೇಬೇಕು ಅಂತ ಹಟ ಕಟ್ಟಬೇಡ, ಸಿಹಿಯದ್ದೇ ಸಾಕು. ಅಂಗಡಿಯದ್ದನ್ನು ಕೊಳ್ಳುವುದಾದರೆ ಪೊಟ್ಟಣ ಓದು. ಸುಮಾರು ಡ್ರಾಪುಗಳಲ್ಲಿ ಜೆಲಟಿನ್ ಇರುತ್ತದೆ, ನಮ್ಮಂಥ ಸಸ್ಯಾಹಾರಿಗಳಿಗೆ ಆಗದು.

ಮಾಡುವುದು ಹೀಗೆ. ಮೊದಲು 75 ಗ್ರಾಂ ಮೈದಾವನ್ನು ಹಸಿ ವಾಸನೆ ಹೋಗುವಷ್ಟು ಹುರಿದು ಜರಡಿ ಹಿಡಿ. ಅದಕ್ಕೆ 2 ದೊಡ್ಡ ಚಮಚ ಜೇಷ್ಠಮಧು ಪುಡಿ, ಚಿಟಿಕೆ ಉಪ್ಪು, ಸ್ವಲ್ಪ ಬಡೇಸೋಪಿನ ಪುಡಿ ಬೆರೆಸಿಡು. ಇಂಡಿಯನ್ ಅಂಗಡಿಯಲ್ಲಿ ಈ ಪುಡಿ ಮುಲೇಠಿ ಹೆಸರಿನಲ್ಲಿ ಸಿಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ 125 ಗ್ರಾಂ ಬೆಣ್ಣೆ, 200 ಗ್ರಾಂ ಸಕ್ಕರೆ, 150 ಗ್ರಾಂ ಕಾಕಂಬಿ, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಹಾಕಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರು. ಹಲಸಿನ ಬೆರಟಿ ಕಾಸಿದ ಕೈ ನಿನ್ನದು, ಬೇರೆ ಹೇಳಬೇಕಾಗಿಲ್ಲ. ಫೋನ್ ಬಂದರೂ ಸೌಟು ಬಿಡಬಾರದು, ತಳ ಹಿಡಿದರೆ ಎಲ್ಲವೂ ಕಹಿ. ಥರ್ಮಾಮೀಟರ್ ಇದ್ದರೆ 118 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡು: ಬೆರಳಲ್ಲಿ ಉರುಟಿದಾಗ ಆಕಾರ ನಿಲ್ಲುವ ಉಂಡೆಯಾಗಬೇಕು. ಉರಿ ಆರಿಸಿ ಪುಡಿ ಉದುರಿಸಿ ಗಂಟಾಗದ ಹಾಗೆ ಕದಡಿ, ಬೆಣ್ಣೆ ಸವರಿದ ತಟ್ಟೆಗೆ ಸುರಿ. ರಾತ್ರಿಯಿಡೀ ಆರಿದ ಮೇಲೆ ತುಂಡು ಮಾಡಿ ಬೇಕಿಂಗ್ ಪೇಪರಿನಲ್ಲಿ ಸುತ್ತು. ಅಂಗಡಿಯದರಷ್ಟು ಕಪ್ಪಾಗದೆ ಕಂದು ಬಣ್ಣಕ್ಕೆ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮೇಯಲ್ಲಿ ಅಪ್ಪ ಬರುತ್ತಾರೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದಿದ್ದೀಯಲ್ಲ, ಅವರ ಕೈಗೆ ಇದು ಸಿಗದ ಹಾಗೆ ನೋಡಿಕೋ. ಜೇಷ್ಠಮಧುವಿಗೆ ಸಿಹಿ ಕೊಡುವ ಗ್ಲೈಸಿರೈಜಿನ್ ಮೈಯಲ್ಲಿ ಉಪ್ಪು ನಿಲ್ಲಿಸಿ ಪೊಟ್ಯಾಸಿಯಂ ಇಳಿಸುತ್ತದೆ, ರಕ್ತದೊತ್ತಡ ಏರುತ್ತದೆ. ಕಿಲೋಗೆ 4 ಗ್ರಾಂ ಅಥವಾ ಹೆಚ್ಚು ಅದಿದ್ದರೆ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಲೇಬೇಕೆಂದು ಯುರೋಪಿನಲ್ಲಿ ನಿಯಮವೇ ಇದೆ. ಬಸುರಿಯರಿಗೂ ಒಳ್ಳೆಯದಲ್ಲ, ಆಫೀಸಿನಲ್ಲಿ ಹಂಚುವಾಗ ಇದರಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳು. ಅಪ್ಪನಿಗೆ ಒಂದು ಸ್ಟ್ರೋಪ್‌ವಾಫೆಲ್, ಅದೇ ನಡುವೆ ಸಿಹಿ ಪಾಕ ಹಚ್ಚಿದ ಇಲ್ಲಿನ ತೆಳು ಬಿಲ್ಲೆ, ತೆಗೆದಿಡು. ಸಕ್ಕರೆ ಕಾಯಿಲೆ ಇಲ್ಲ ತಾನೆ?