ಉಪ್ಪು ತಿಂದ ಸೈಲೆನ್ಸರ್: ಹ್ಯಾಮಿಲ್ಟನ್‌ಗೆ ಹೋದ ತಮ್ಮನಿಗೆ

ತಮ್ಮಾ, ಸಿರುಗುಪ್ಪದಿಂದ ಕೆನಡಾದ ಹ್ಯಾಮಿಲ್ಟನ್‌ಗೆ ಹೋಗಿ ಹಳೇ ಕಾರು ತಗೊಂಡಿದ್ದೀಯ. ಅದು ಈಗ ಟ್ರ್ಯಾಕ್ಟರ್ ಥರ ಸದ್ದು ಮಾಡುತ್ತಿದೆ, ಗ್ಯಾರೇಜಿನವರು ಸೈಲೆನ್ಸರ್ ಲೈನ್, ಅಂದರೆ ಹೊಗೆ ಹೋಗುವ ಪೈಪು, ಪೂರ್ತಿ ಬದಲಿಸಬೇಕು ಅಂದಿದ್ದಾರೆ. ಮಾಡಿಸಲಾ, ಕಾರನ್ನೇ ಮಾರಲಾ ಅಂತ ಕೇಳಿದ್ದೀಯ. ರಜೆಗೆ ಬಳ್ಳಾರಿಗೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ.

ಸದ್ದಿನ ಮಾತು ಆಮೇಲೆ, ಮೊದಲು ಹೊಗೆ. ಪೈಪು ತೂತಾದರೆ ಕಾರ್ಬನ್ ಮೊನಾಕ್ಸೈಡ್ ಕಾರಿನ ಕೆಳಗೇ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕಿಟಕಿ ಮುಚ್ಚಿರುತ್ತೀಯ, ಕಾರಿನ ತಳದಲ್ಲೂ ತುಕ್ಕಿನ ತೂತಿದ್ದರೆ ಒಳಗೇ ನುಗ್ಗುತ್ತದೆ. ತಲೆನೋವು, ತಲೆ ಸುತ್ತು, ವಾಂತಿ ಬಂದ ಹಾಗೆ ಅನಿಸಿದರೆ ತಕ್ಷಣ ಗಾಡಿ ನಿಲ್ಲಿಸಿ ಹೊರಗೆ ಬಾ. ರಿಪೇರಿ ಆಗುವವರೆಗೂ ಬಸ್ಸಿಗೇ ಹೋಗು. ಮನೆಯ ಗ್ಯಾರೇಜಿನೊಳಗೆ ಎಂಜಿನ್ ಬಿಸಿಯಾಗಲಿ ಅಂತ ಸ್ಟಾರ್ಟ್ ಮಾಡಿ ಬಿಡಲೇಬೇಡ. ಸೈಲೆನ್ಸರ್ ಹೊಸದಿದ್ದರೂ ಬೇಡ.

ಇಷ್ಟು ಬೇಗ ಹೇಗೆ ಹೋಯಿತು ಅಂದೆಯಲ್ಲ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡಾಡಿದ ಗಾಡಿಯ ತಳವೂ ಕೆಂಪಗೇ ಇರುತ್ತದೆ, ಆದರೆ ಅದು ಧೂಳು. ನೀರು ಹೊಡೆದರೆ ಹೋಗುತ್ತದೆ. ಅಲ್ಲಿ ಕೆಂಪಗೆ ಕಂಡರೆ ಕಬ್ಬಿಣವೇ ಸವೆಯುತ್ತಿದೆ ಅಂತ ಅರ್ಥ. ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪು ನೀರಾಗಿ ಸಿಡಿದು ಬೋಲ್ಟು, ಕ್ಲಾಂಪು, ಬೆಸುಗೆಯ ಸಂದಿಯಲ್ಲಿ ಕೂರುತ್ತದೆ. ಪೈಪನ್ನು ಒಳಗಿನಿಂದ ನೀರೂ ತಿನ್ನುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಪೈಪು ಕಾದು ಆವಿಯಾಗಿ ಹೋಗುತ್ತದೆ. ಸುಮ್ನೆ ಅಂಗಡಿಗೆ ಹೋಗಿ ಬಂದು ನಿಲ್ಲಿಸಿದರೆ ಹಿಂದೆ ಸದ್ದು ತಗ್ಗಿಸಲು ಇರುವ ಡಬ್ಬಿ, ಅಂದರೆ ಮಫ್ಲರ್‌ನಲ್ಲೇ ನಿಲ್ಲುತ್ತದೆ. ಎಂಜಿನ್‌ನಿಂದ ದೂರ ಇರುವ ಅದು ಬೇಗ ಒಣಗುವುದಿಲ್ಲ, ಅದಕ್ಕೇ ಮೊದಲು ಹೋಗುತ್ತದೆ.

ಗಾಡಿ ಲಿಫ್ಟ್ ಮೇಲೆ ಏರಿದಾಗ ನೀನೂ ನೋಡುತ್ತೇನೆ ಅಂತ ಕೇಳು. ಹೊಸಬ ಅಂತ ಸಂಕೋಚ ಬೇಡ, ಕೇಳಿದರೆ ತೋರಿಸುತ್ತಾರೆ. ತೂತಿನ ಅಕ್ಕಪಕ್ಕ ತಟ್ಟಿಸು. ಠಣ್ ಅಂದರೆ ಗಟ್ಟಿ ಇದೆ. ಪೊರೆಪೊರೆಯಾಗಿ ಉದುರಿದರೆ ಬೆಸುಗೆ ನಿಲ್ಲಲ್ಲ. ನಮ್ಮ ವೆಲ್ಡಿಂಗ್ ಅಂಗಡಿಯವರು ತಗಡಿನ ತುಂಡು ಇಟ್ಟು ಬೆಸೆದುಕೊಡುತ್ತಾರಲ್ವಾ, ಅದಕ್ಕೂ ಅಂಚಿನಲ್ಲಿ ಗಟ್ಟಿ ಲೋಹ ಬೇಕು. ಮಫ್ಲರ್ ಒಂದೇ ಹೋಗಿದ್ದರೆ ಅದನ್ನಷ್ಟೇ ಕತ್ತರಿಸಿ ಹೊಸದು ಹಾಕಬಹುದು. ಮುಂದಿನ ಫ್ಲೆಕ್ಸ್ ಪೈಪ್ (ಬಾಗುವ ಪೈಪು) ಹರಿದಿದ್ದರೂ ಹಾಗೇ. ಮಫ್ಲರ್ ಕೆಲಸವನ್ನೇ ಮಾಡುವ ಚಿಕ್ಕ ಅಂಗಡಿಯಲ್ಲೂ ಒಮ್ಮೆ ತೋರಿಸು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಅಂದರೆ ಮಾತ್ರ ಕಾರಣ ಬಿಡಿಸಿ ಕೇಳು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಬೆಲೆ ಜಾಸ್ತಿ.

ಅದೇ ಹೊತ್ತಿಗೆ ಬ್ರೇಕ್ ಪೈಪು, ತಳದ ಫ್ರೇಮ್ ನೋಡಿಸು. ಅವೂ ತುಕ್ಕು ತಿಂದಿದ್ದರೆ ಈ ಕಾರಿಗೆ ಇನ್ನು ದುಡ್ಡು ಹಾಕಬೇಡ, ಬಿಟ್ಟುಬಿಡು. ಅವು ಚೆನ್ನಾಗಿದ್ದು ಇನ್ನೂ ಕೆಲವು ವರ್ಷ ಓಡಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸು. ಅಲ್ಯೂಮಿನಿಯಂ ಲೇಪದ್ದು ಅಗ್ಗ, ಆದರೆ ಉಪ್ಪಿಗೆ ಅಷ್ಟು ತಾಳುವುದಿಲ್ಲ.

ಕೆಲಸ ಶುರುವಾಗುವ ಮುಂಚೆ ಎಸ್ಟಿಮೇಟ್ ಬರೆಸಿಕೊ. ನೀನಿರುವ ಒಂಟಾರಿಯೋ ಪ್ರಾಂತ್ಯದ ಕಾನೂನಿನ ಪ್ರಕಾರ ಬಿಲ್ಲು ಅದಕ್ಕಿಂತ ಶೇ. 10ಕ್ಕೂ ಮೇಲೆ ಹೋಗುವಂತಿಲ್ಲ. ಹೊಸ ಸಾಮಾನಿಗೂ ಕೂಲಿಗೂ ಕನಿಷ್ಠ 90 ದಿನ ಅಥವಾ 5,000 ಕಿ.ಮೀ., ಯಾವುದು ಮೊದಲೋ ಅಲ್ಲಿವರೆಗೆ ವಾರಂಟಿ ಇರುತ್ತದೆ. ಊರಲ್ಲಿ ಮೇಸ್ತ್ರಿಯ ಬಾಯಿಮಾತು ನಂಬಿ ಬೆಳೆದವರು ನಾವು, ಹಾಳೆ ಕೇಳಲು ಮುಜುಗರ ಆಗುತ್ತದೆ. ಅಲ್ಲಿ ಹಾಳೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಾಡಿಗೆ ಮನೆಗೂ ಇದೇ ಮಾತು.

ಲಿಫ್ಟ್ ಮೇಲಿದ್ದಾಗ ಕನ್ವರ್ಟರ್‌ನಿಂದ ಹಿಂದಿನ ತುದಿವರೆಗೂ ಫೋಟೋ ತೆಗೆದು ಕಳಿಸು. ನೋಡಿ ಹೇಳುತ್ತೇನೆ, ಅಲ್ಲಿವರೆಗೂ ಯಾವುದಕ್ಕೂ ಹೂಂ ಅನ್ನಬೇಡ.